ತೊಟ್ಟಿಯ ಕೆಳಗಿನ ಗೊರಗೊರ

ರಾತ್ರಿ ಹತ್ತು ಗಂಟೆ ಕಳೆದು, ಟೀವಿಯ ಗದ್ದಲವಡಗಿ, ಅಡುಗೆಮನೆಯ ಪಾತ್ರೆಗಳ ಸದ್ದೂ ನಿಂತು, ಬೀದಿಯಲ್ಲಿ ವಾಹನಗಳ ಸಂಚಾರ ವಿರಳವಾದ ಮೇಲೆ, ನಗರದ ಎಷ್ಟೋ ಮನೆಗಳ ಹಜಾರದಲ್ಲಿ ಗಾಜಿನ ತೊಟ್ಟಿಯೊಂದರ ನಸುಹಸುರು ಬೆಳಕು ಮಾತ್ರ ಉಳಿದಿರುತ್ತದೆ. ಜಲಸಸ್ಯಗಳ ಎಡೆಯಲ್ಲಿ ನಿಯಾನ್ ಟೆಟ್ರಾಗಳ ಹಿಂಡು ತಿರುಗಿದಾಗ ನೀಲಿಯೂ ಕೆಂಪೂ ಒಮ್ಮೆಗೇ ಮಿನುಗುತ್ತವೆ. ಕಣ್ಣಿಗೆ ಅದೊಂದು ಪರಮಶಾಂತಿಯ ದೃಶ್ಯ. ಕಿವಿಗೆ ಮಾತ್ರ ಆ ಭಾಗ್ಯವಿಲ್ಲ. ತೊಟ್ಟಿಯನ್ನು ಹೊತ್ತ ಕಪಾಟಿನ ಬಾಗಿಲ ಹಿಂದಿನಿಂದ ಗೊರಗೊರ ಎಂಬ ಸದ್ದು, ನಡುನಡುವೆ ಕಟಕಟ ಎಂಬ ಅಪಸ್ವರ. ಮನೆಯ ಯಜಮಾನರು ಬಾಗಿಲು ತೆರೆದು, ಒಳಗಿನ ಡಬ್ಬಿಯ ನೆತ್ತಿಯನ್ನು ಎರಡು ಸಲ ತಟ್ಟಿ, ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿ, ಅದನ್ನು ಮಾರಿದವನನ್ನು ಮನಸ್ಸಿನಲ್ಲಿಯೇ ಶಪಿಸಿ ಹೋಗಿ ಮಲಗುತ್ತಾರೆ.

ಆ ಡಬ್ಬಿಗೆ ಕ್ಯಾನಿಸ್ಟರ್ ಫಿಲ್ಟರ್ ಎಂದು ಹೆಸರು. ಮೀನು ಸಾಕುವವರಿಗೆ ಅದು ಪರಿಚಿತ ವಸ್ತುವೇ ಆದರೂ, ತೊಳೆದು ಮರಳಿ ಜೋಡಿಸಿದ ದಿನ ಅದು ನೀರೆಳೆಯಲೊಲ್ಲದೆ ಏಕೆ ಹಠ ಹಿಡಿಯುತ್ತದೆ, ನಿನ್ನೆಯವರೆಗೆ ಮೌನವಾಗಿದ್ದುದು ಇಂದೇಕೆ ಗುಡುಗುತ್ತದೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಅಂಗಡಿಯ ಹುಡುಗನನ್ನು ವಿಚಾರಿಸಿದರೆ, "ಏರ್ ಹಿಡ್ಕೊಂಡಿದೆ ಸಾರ್, ಸ್ವಲ್ಪ ಅಲ್ಲಾಡ್ಸಿ, ಹೋಗುತ್ತೆ" ಎನ್ನುತ್ತಾನೆ. ಆ ಮಾತಿನಲ್ಲಿ ತಥ್ಯವಿದೆ. ಆದರೆ ಗಾಳಿ ಬಂದುದೆಲ್ಲಿಂದ, ಹೋಗಬೇಕಾದುದೆಲ್ಲಿಗೆ ಎಂಬುದನ್ನರಿಯದೆ ಎಷ್ಟು ಅಲ್ಲಾಡಿಸಿದರೂ ಫಲ ತಾತ್ಕಾಲಿಕ. ಈ ಯಂತ್ರವನ್ನು ಚಾಲನೆಗೆ ತರುವುದೂ ಅದರ ಸದ್ದಡಗಿಸುವುದೂ ಬಹುಮಟ್ಟಿಗೆ ಒಂದೇ ಕೆಲಸ; ಒಳಗೆ ಸೇರಿದ ಗಾಳಿಗೆ ಹೊರದಾರಿ ತೋರಿಸುವುದೇ ಆ ಕೆಲಸ.

ತೊಟ್ಟಿಗೆ ಶೋಧಕವೇಕೆ?

ಮೀನು ತನ್ನ ದೇಹದ ತ್ಯಾಜ್ಯವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ಹೊಳೆಯಲ್ಲಾದರೆ ಪ್ರವಾಹ ಅದನ್ನು ಕೊಂಡೊಯ್ಯುತ್ತದೆ. ನೂರು ಲೀಟರಿನ ಗಾಜಿನ ತೊಟ್ಟಿಯಲ್ಲಿ ಅದು ಅಲ್ಲಿಯೇ ಸಂಚಯವಾಗಿ, ಯಾವ ಜೀವಿಯಿಂದ ಹೊರಟಿತೋ ಆ ಜೀವಿಗೇ ವಿಷವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮೀನು, ಜಲಸಸ್ಯ ಮತ್ತು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿರಿಸಿ, ಅವು ಪರಸ್ಪರ ಪೋಷಕವಾಗಿ ಬದುಕಬಲ್ಲವೆಂದು ತೋರಿಸಿದನು. 1853ರಲ್ಲಿ ಅದೇ ನಗರದ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರವೊಂದು ತೆರೆಯಿತು. ಆದರೆ ಅಮೋನಿಯಾದ ಗತಿ ಏನಾಗುತ್ತದೆಂಬ ರಹಸ್ಯ ಬಿಡಿಸಿಕೊಂಡುದು ಮುಂದಿನ ಪೀಳಿಗೆಯಲ್ಲಿ. 1890ರ ಸುಮಾರಿಗೆ ರಷ್ಯದ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿಯು ಅದನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಾಗಳನ್ನು ಪ್ರತ್ಯೇಕಿಸಿ ತೋರಿಸಿದನು.

ಈ ಬ್ಯಾಕ್ಟೀರಿಯಾಗಳಿಗೆ ಬೇಕಾದುದು ಎರಡು: ಅಂಟಿಕೊಂಡಿರಲು ವಿಸ್ತಾರವಾದ ಮೇಲ್ಮೈ, ಉಸಿರಾಡಲು ಆಮ್ಲಜನಕ. ಕಸವನ್ನು ಸೋಸುವುದು ಶೋಧಕದ ಕಣ್ಣಿಗೆ ಕಾಣುವ ಕಾರ್ಯವಾದರೆ, ಈ ಅದೃಶ್ಯ ಸೇವಕರಿಗೆ ವಸತಿಯನ್ನೂ ಅವಿಚ್ಛಿನ್ನವಾದ ಪ್ರವಾಹವನ್ನೂ ಒದಗಿಸುವುದು ಅದಕ್ಕಿಂತ ಹಿರಿದಾದ ಕಾರ್ಯ. ಪ್ರವಾಹ ನಿಂತರೆ ಕಷ್ಟ ಮೊದಲಾಗುವುದು ಅವಕ್ಕೇ.

ಡಬ್ಬಿಯೊಳಗಿನ ವ್ಯವಸ್ಥೆ

ಹಳೆಯ ಶೋಧಕಗಳು ತೊಟ್ಟಿಯೊಳಗೇ ಮೂಲೆ ಹಿಡಿದು ನಿಲ್ಲುತ್ತಿದ್ದವು. ಇಲ್ಲವೆ ಅಂಚಿಗೆ ಜೋತುಬಿದ್ದಿರುತ್ತಿದ್ದವು. ತೊಟ್ಟಿಯ ಹೊರಗೆ, ಅದರಿಂದ ಕೆಳಗೆ, ಮುಚ್ಚಿದ ಡಬ್ಬಿಯೊಂದನ್ನಿಟ್ಟು ಅದರ ಮೂಲಕ ನೀರನ್ನು ಸುತ್ತಿಸುವ ಪದ್ಧತಿಯನ್ನು ಮನೆಮನೆಗೆ ತಂದವರಲ್ಲಿ, ಗುಂಥರ್ ಏಹೈಮ್ 1949ರಲ್ಲಿ ಜರ್ಮನಿಯಲ್ಲಿ ಸ್ಥಾಪಿಸಿದ ಸಂಸ್ಥೆ ಅಗ್ರಗಣ್ಯವಾದುದು. ಅದು 1960ರ ದಶಕದಲ್ಲಿ ರೂಪಿಸಿದ ಡಬ್ಬಿಯ ವಿನ್ಯಾಸವನ್ನೇ ಇಂದಿನ ಅನೇಕ ತಯಾರಕರು ಅಲ್ಪಸ್ವಲ್ಪ ಮಾರ್ಪಾಡಿನೊಂದಿಗೆ ಅನುಸರಿಸುತ್ತಿದ್ದಾರೆ.

ಡಬ್ಬಿಯ ಒಳಗೆ ಒರಟು ಸ್ಪಂಜು, ಸೆರಾಮಿಕ್ ಉಂಗುರಗಳು, ನಯವಾದ ಹತ್ತಿಯಂಥ ಹಾಸು ಇವು ಪದರಪದರವಾಗಿ ಕೂತಿರುತ್ತವೆ. ಮುಚ್ಚಳದಲ್ಲಿ ಪುಟ್ಟ ಪಂಪು. ಮುಚ್ಚಳಕ್ಕೂ ಡಬ್ಬಿಗೂ ನಡುವೆ ಓ-ರಿಂಗ್ ಎಂಬ ರಬ್ಬರಿನ ಬಳೆ. ತೊಟ್ಟಿಯಿಂದ ಒಂದು ಪೈಪು ಕೆಳಗಿಳಿದು ನೀರನ್ನು ತರುತ್ತದೆ, ಇನ್ನೊಂದು ಪೈಪು ಸೋಸಿದ ನೀರನ್ನು ಮೇಲಕ್ಕೊಯ್ಯುತ್ತದೆ.

ನೀರನ್ನೆತ್ತುವ ಭಾರ ಯಾರದು?

ಡಬ್ಬಿ ನೆಲದ ಮೇಲಿದೆ, ತೊಟ್ಟಿ ಎದೆಯೆತ್ತರದಲ್ಲಿದೆ. ಆದಕಾರಣ ಪಂಪು ನೀರನ್ನು ಅಷ್ಟೆತ್ತರಕ್ಕೆ ಎತ್ತಬೇಕಾಗುತ್ತದೆಂದು ಸಾಮಾನ್ಯರು ಭಾವಿಸುವುದು ಸಹಜ. ಈ ಭಾವನೆಯೇ ಅನೇಕ ತೊಡಕುಗಳಿಗೆ ಮೂಲ.

ವಾಸ್ತವದಲ್ಲಿ ಎರಡೂ ಪೈಪುಗಳು ನೀರಿನಿಂದ ತುಂಬಿದ್ದಾಗ, ಇಳಿಯುವ ಪೈಪಿನ ನೀರಿನ ಭಾರವು ಏರುವ ಪೈಪಿನ ನೀರಿನ ಭಾರವನ್ನು ಸರಿದೂಗಿಸುತ್ತದೆ. ಪಂಪು ಆರಿದ್ದರೂ ಏರುವ ಪೈಪಿನಲ್ಲಿ ನೀರು ತೊಟ್ಟಿಯ ಮಟ್ಟದವರೆಗೆ ತಾನಾಗಿ ನಿಂತಿರುತ್ತದೆ. ಸ್ಪಂಜು, ಉಂಗುರ, ಪೈಪುಗಳ ಒಳಮೈ ಇವು ಒಡ್ಡುವ ಘರ್ಷಣೆಯನ್ನು ಗೆಲ್ಲುವುದಷ್ಟೇ ಪಂಪಿನ ಪಾಲಿಗುಳಿದ ಕರ್ತವ್ಯ. ಹತ್ತಿಪ್ಪತ್ತು ವಾಟ್ ಮಾತ್ರ ವಿದ್ಯುತ್ತುಂಡು ಗಂಟೆಗೆ ನೂರಾರು ಲೀಟರ್ ನೀರನ್ನು ಅದು ಸುತ್ತಿಸಬಲ್ಲುದು ಇದರಿಂದಲೇ.

ಈ ಏರ್ಪಾಡಿನಲ್ಲಿ ಸೂಕ್ಷ್ಮವಾದ ಸ್ಥಾನ ಒಂದೇ. ತೊಟ್ಟಿಯಿಂದ ಹೊರಟ ಪೈಪು ಮೊದಲು ಗಾಜಿನ ಅಂಚನ್ನು ಹತ್ತಿ ದಾಟಿ ಆಮೇಲೆ ಇಳಿಯಬೇಕು. ಆ ನಾಲ್ಕಾರು ಅಂಗುಲದ ಏರಿನಲ್ಲಿ ನೀರಿನ ಎಳೆ ಕಡಿಯದಂತೆ ಹಿಡಿಯುವುದು ವಾಯುಮಂಡಲದ ಒತ್ತಡ. ಇದೇ ಸೈಫನ್ನಿನ ತತ್ತ್ವ. ಇಟಲಿಯ ವಿಜ್ಞಾನಿ ಟೊರಿಚೆಲ್ಲಿಯ 1643ರ ಪ್ರಯೋಗದ ತರುವಾಯ ವಾಯುವಿಗೂ ಭಾರವುಂಟೆಂಬುದು ಸ್ಥಿರಪಟ್ಟಿತು. ಸಮುದ್ರಮಟ್ಟದಲ್ಲಿ ಆ ಭಾರ ಹತ್ತು ಮೀಟರಿಗಿಂತ ತುಸು ಹೆಚ್ಚಿನ ನೀರಿನ ಕಂಬವನ್ನು ಎತ್ತಿಹಿಡಿಯಬಲ್ಲುದು. ಒಂಬೈನೂರು ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಅದು ಒಂದು ಮೀಟರಿನಷ್ಟು ಕಡಿಮೆಯಾಗುವುದಾದರೂ, ಗಾಜಿನ ಅಂಚಿನ ಅಲ್ಪ ಎತ್ತರಕ್ಕೆ ಅದು ಯಥೇಷ್ಟವಾಯಿತು. ಆದರೆ ಏರಿನಲ್ಲಿ ಗಾಳಿಯ ತುಂಡೊಂದು ಸೇರಿಕೊಂಡು ಎಳೆ ಕಡಿಯಿತೋ, ಇಡೀ ಚಕ್ರ ನಿಂತಂತೆಯೇ.

ಗಾಳಿಯ ಮುಂದೆ ಸೋಲುವ ಪಂಪು

ಬಾವಿಕಟ್ಟೆಯ ಮೇಲೆ ಪಂಪುಸೆಟ್ಟು ಇಟ್ಟುಕೊಂಡ ರೈತರಿಗೆ ಈ ಸಂಗತಿ ಹೊಸದಲ್ಲ. ಫುಟ್‌ವಾಲ್ವಿನಲ್ಲಿ ಕಡ್ಡಿ ಸಿಕ್ಕಿ ಪೈಪಿನ ನೀರು ಇಳಿದುಹೋದರೆ, ಐದು ಅಶ್ವಶಕ್ತಿಯ ಮೋಟಾರು ಎಷ್ಟು ಭೋರ್ಗರೆದರೂ ಒಂದು ಬೊಗಸೆ ನೀರು ಬರುವುದಿಲ್ಲ; ಕೊಡದಿಂದ ನೀರು ಹೊಯ್ದು ಪಂಪಿನ ಹೊಟ್ಟೆ ತುಂಬಿಸಿದ ಮೇಲಷ್ಟೇ ಅದು ಎಳೆಯತೊಡಗುತ್ತದೆ. ಮೀನಿನ ತೊಟ್ಟಿಯ ಪಂಪೂ ಅದೇ ಜಾತಿಯದು. ಗಾತ್ರದಲ್ಲಿ ಮಾತ್ರ ಭೇದ.

ಕಾರಣ ಸರಳವಾದುದು. ಈ ಜಾತಿಯ ಪಂಪು ತನ್ನ ಅಲಗುಗಳಿಂದ ದ್ರವವನ್ನು ಸುತ್ತಲೂ ಎರಚಿ ಒತ್ತಡವನ್ನುಂಟುಮಾಡುತ್ತದೆ, ಆ ಒತ್ತಡವು ಎರಚಿದ ವಸ್ತುವಿನ ಸಾಂದ್ರತೆಗೆ ಅನುಗುಣವಾಗಿರುತ್ತದೆ. ನೀರು ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರ. ನೀರಿನಲ್ಲಿ ತಿರುಗುವಾಗ ಒಂದೂವರೆ ಮೀಟರ್ ಎತ್ತರಕ್ಕೆ ನೀರನ್ನು ತಳ್ಳಬಲ್ಲ ಪಂಪು, ಗಾಳಿಯಲ್ಲಿ ತಿರುಗುವಾಗ ಎರಡು ಮಿಲಿಮೀಟರಿನಷ್ಟು ನೀರನ್ನೂ ಕದಲಿಸಲಾರದು. ತನ್ನ ಕೋಣೆಯಲ್ಲಿ ಸೇರಿದ ಗಾಳಿಯನ್ನು ತಾನೇ ಹೊರದೂಡುವ ಶಕ್ತಿ ಅದಕ್ಕಿಲ್ಲ. ಜೊತೆಗೆ, ಸುತ್ತಲಿನ ನೀರೇ ಅದರ ತಂಪು, ಅದೇ ಅದರ ಎಣ್ಣೆ. ನೀರಿಲ್ಲದೆ ತಿರುಗಿದಷ್ಟು ಹೊತ್ತೂ ಅದು ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ.

ನೀರು ತುಂಬಿಸುವ ಕ್ರಮ

ಆದ್ದರಿಂದ ಸ್ವಿಚ್ಚು ಹಾಕುವುದು ಕೊಟ್ಟಕೊನೆಯ ಕೆಲಸ. ಮೊದಲು ಡಬ್ಬಿಯನ್ನು ತೊಟ್ಟಿಯ ನೀರಿನಿಂದಲೇ ಕಂಠಮಟ್ಟ ತುಂಬಿಸಿ ಮುಚ್ಚಳ ಬಿಗಿಯುವುದು ಲೇಸು. ಒಳಗೆ ಉಳಿಯುವ ಗಾಳಿ ಆರಂಭದಲ್ಲಿಯೇ ಕಡಿಮೆಯಾಗುತ್ತದೆ. ಮುಚ್ಚುವ ಮುನ್ನ ಓ-ರಿಂಗನ್ನು ಬೆರಳಿನಿಂದ ಸುತ್ತಲೂ ತಡವಿ ನೋಡಬೇಕು. ಒಂದು ಮರಳಿನ ಕಣ ಅಥವಾ ಸಸ್ಯದ ನಾರು ಅಲ್ಲಿ ಸಿಕ್ಕಿದ್ದರೂ ಸಾಕು, ಬೆಳಗಾಗುವಷ್ಟರಲ್ಲಿ ಕಪಾಟು ಒದ್ದೆಯಾಗಿರುತ್ತದೆ.

ಎರಡನೆಯದಾಗಿ, ಹಿಂದಿರುಗುವ ಪೈಪಿನ ತುದಿಯನ್ನು, ಅದಕ್ಕೆ ತೂತುಗಳ ಸ್ಪ್ರೇ ಬಾರ್ ಇದ್ದರೆ ಅದನ್ನೂ, ನೀರಿನಿಂದ ಮೇಲಕ್ಕೆತ್ತಿ ಹಿಡಿಯಬೇಕು. ಡಬ್ಬಿಗೆ ನೀರು ನುಗ್ಗಬೇಕಾದರೆ ಒಳಗಿನ ಗಾಳಿ ಹೊರಡಬೇಕು, ಅದು ಹೊರಡುವ ದಾರಿ ಇದೊಂದೇ. ಈ ತುದಿ ನೀರಿನಲ್ಲಿ ಮುಳುಗಿದ್ದರೆ ಅಲ್ಲಿನ ನೀರೇ ಗಾಳಿಗೆ ತಡೆಯಾಗುತ್ತದೆ. ಎರಡೂ ಪೈಪುಗಳ ವಾಲ್ವುಗಳು ತೆರೆದಿರಬೇಕೆಂಬುದನ್ನು ಹೇಳುವ ಅಗತ್ಯವಿಲ್ಲವೆಂದು ತೋರಬಹುದು. ಆದರೆ ಅದನ್ನು ಮರೆತು ನೀರೆಳೆಸುವ ಪ್ರೈಮಿಂಗ್ ಗುಂಡಿಯನ್ನು ಒತ್ತಿ ಒತ್ತಿ ಬೆರಳು ನೋಯಿಸಿಕೊಳ್ಳುವವರು ಅಪರೂಪವೇನಲ್ಲ.

ಮೂರನೆಯದು ಸೈಫನ್ನಿನ ಆರಂಭ. ಡಬ್ಬಿಯಲ್ಲಿ ಪ್ರೈಮಿಂಗ್ ಗುಂಡಿಯಿದ್ದರೆ ಕೆಲವು ಸಲ ನಿಧಾನವಾಗಿ, ಪೂರ್ಣವಾಗಿ ಒತ್ತಿದರೆ ಸಾಕು. ಇಲ್ಲದಿದ್ದರೆ ಇಳಿಯುವ ಪೈಪನ್ನು ಮೊದಲೇ ನೀರಿನಿಂದ ತುಂಬಿಸಿ ಜೋಡಿಸಬಹುದು. ಬಾಯಿಂದ ಹೀರುವ ಹಳೆಯ ರೂಢಿಯನ್ನು ಬಿಡುವುದೇ ಕ್ಷೇಮ, ತೊಟ್ಟಿಯ ನೀರು ಬಾಯಿಗೆ ಹೋಗತಕ್ಕದ್ದಲ್ಲ. ನೀರು ಒಮ್ಮೆ ಅಂಚನ್ನು ದಾಟಿತೆಂದರೆ ಗುಳುಗುಳು ಸದ್ದಿನೊಂದಿಗೆ ಧುಮುಕುತ್ತದೆ. ಆಗ ಗುಂಡಿಯನ್ನು ಬಿಟ್ಟು ಸುಮ್ಮನಿರಬೇಕು.

ಇನ್ನು ಕಣ್ಣಿಡಬೇಕಾದುದು ಹಿಂದಿರುಗುವ ಪೈಪಿನ ಮೇಲೆ. ಅರೆಪಾರದರ್ಶಕವಾದ ಆ ಪೈಪಿನಲ್ಲಿ ನೀರಿನ ಗೆರೆ ಮೇಲೇರುತ್ತಾ ಬಂದು, ತೊಟ್ಟಿಯ ನೀರಿನ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತದೆ. ಆ ಗೆರೆ ನಿಂತುದೇ ಡಬ್ಬಿ ತುಂಬಿತೆಂಬುದಕ್ಕೆ ಪ್ರಮಾಣ. ಅದು ಅರ್ಧದಲ್ಲಿಯೇ ನಿಂತಿದ್ದರೆ, ಪೈಪು ಎಲ್ಲಿಯೋ ಬಾಗಿ ಗೂನಾಗಿದ್ದು ಆ ಗೂನಿನಲ್ಲಿ ಗಾಳಿ ಸಿಕ್ಕಿದೆಯೆಂದು ತಿಳಿಯಬೇಕು. ಪೈಪನ್ನು ಅಗತ್ಯಕ್ಕಿಂತ ಉದ್ದ ಬಿಡದೆ, ಡಬ್ಬಿಯಿಂದ ನೇರವಾಗಿ ಏರುವಂತೆ ಕತ್ತರಿಸಿದರೆ ಈ ತೊಂದರೆ ಶಾಶ್ವತವಾಗಿ ತಪ್ಪುತ್ತದೆ.

ಇಷ್ಟಾದ ಮೇಲೆ ಸ್ವಿಚ್ಚು ಹಾಕಬಹುದು. ಸ್ಪಂಜಿನ ರಂಧ್ರಗಳಲ್ಲಿ, ಉಂಗುರಗಳ ಸಂದುಗಳಲ್ಲಿ ಅವಿತ ಗಾಳಿ ಗುಳ್ಳೆಗಳಾಗಿ ಹೊರಬೀಳುವಾಗ ಯಂತ್ರ ಕೆಮ್ಮುವುದು ಸ್ವಾಭಾವಿಕ. ಡಬ್ಬಿಯನ್ನು ಎರಡು ಕೈಗಳಿಂದ ಹಿಡಿದು ನಾಲ್ಕು ದಿಕ್ಕಿಗೂ ತುಸು ಓರೆಮಾಡಿ, ನಡುನಡುವೆ ಹತ್ತು ಸೆಕೆಂಡು ಪಂಪನ್ನು ನಿಲ್ಲಿಸಿ ಮತ್ತೆ ಹಾಕಬೇಕು. ಈ ನಿಲುಗಡೆಗೆ ಅರ್ಥವಿದೆ: ತಿರುಗುವ ಅಲಗುಗಳ ನಡುವೆ ಸೆರೆಯಾಗಿದ್ದ ಗಾಳಿ, ಅವು ನಿಂತಾಗ ಮಾತ್ರ ತನ್ನ ಹಗುರತೆಯಿಂದ ಮೇಲೇರಿ ಪೈಪು ಸೇರುತ್ತದೆ. ಹೊಸ ಹಾಸು ಹಾಕಿದ್ದರೆ ಒಂದೆರಡು ದಿನ ಸಣ್ಣ ಗುಳ್ಳೆಗಳು ಕಂಡರೂ ಚಿಂತೆಯಿಲ್ಲ.

ಸದ್ದಿನ ಬಗೆಗಳು

ಸುಸ್ಥಿತಿಯಲ್ಲಿರುವ ಪಂಪಿಗೂ ಒಂದು ಮಂದವಾದ ಗುಂಯ್‌ಕಾರ ಇದ್ದೇ ಇರುತ್ತದೆ. ನಮ್ಮ ದೇಶದ ವಿದ್ಯುತ್ ಪ್ರವಾಹವು ಸೆಕೆಂಡಿಗೆ ಐವತ್ತು ಆವರ್ತಗಳದು. ಅದರ ಕಾಂತಬಲಕ್ಕೆ ಸಿಕ್ಕ ಭಾಗಗಳು ಸೆಕೆಂಡಿಗೆ ನೂರು ಸಲ ಕಂಪಿಸುತ್ತವೆ. ಕಪಾಟಿನ ಬಾಗಿಲು ಮುಚ್ಚಿದಾಗ ಕೇಳಿಸದಿದ್ದರೆ ಅದು ದೋಷವಲ್ಲ.

ಗೊರಗೊರ ಸದ್ದು ಗಾಳಿಯದು. ಕಟಕಟ ಸದ್ದು ಪಂಪಿನೊಳಗೆ ತಿರುಗುವ ಅಲಗುಚಕ್ರದ್ದು, ಅಂದರೆ ಇಂಪೆಲ್ಲರಿನದು. ಡಬ್ಬಿಯನ್ನು ಕೈಯಲ್ಲೆತ್ತಿದೊಡನೆ ನಿಂತುಹೋಗುವ ಗುಡುಗು ಮರದ ಹಲಗೆಯದು. ಯಂತ್ರದ ಸಣ್ಣ ಕಂಪನವನ್ನು ಪೊಳ್ಳು ಕಪಾಟು ಹಿರಿದುಮಾಡುತ್ತಿರುತ್ತದೆ. ಡಬ್ಬಿಯ ಅಡಿಗೆ ದಪ್ಪ ರಬ್ಬರ್ ಹಾಸನ್ನಿಟ್ಟು, ಪೈಪುಗಳು ಹಲಗೆಗೆ ತಾಗದಂತೆ ಸರಿಸಿದರೆ ಈ ಮೂರನೆಯದು ಅಲ್ಲಿಗೇ ಮುಗಿಯಿತು. ಮೇಲಿನಿಂದ ಜಲಪಾತದಂತೆ ಕೇಳುವ ಸದ್ದಾದರೆ ಸ್ಪ್ರೇ ಬಾರನ್ನು ನೀರಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗಿಳಿಸಬೇಕು. ನೀರಿನ ಮೇಲ್ಮೈ ಅಲುಗುತ್ತಿರುವಷ್ಟರಿಂದ ಮೀನಿಗೆ ಬೇಕಾದ ಆಮ್ಲಜನಕ ದೊರೆಯುತ್ತದೆ.

ಗಾಳಿ ನುಸುಳುವ ಸ್ಥಾನ

ಮೊದಲ ಕೆಲವು ದಿನ ಕಳೆದ ಮೇಲೂ ಗುಳ್ಳೆಗಳು ಬರುತ್ತಿವೆಯೆಂದರೆ, ಅದು ಉಳಿದ ಗಾಳಿಯಲ್ಲ, ಹೊಸದಾಗಿ ಬರುತ್ತಿರುವ ಗಾಳಿ. ಇಲ್ಲಿ ಬಹುಮಂದಿ ಡಬ್ಬಿಯ ಮುಚ್ಚಳವನ್ನು ಶಂಕಿಸಿ, ಅದನ್ನು ಬಿಚ್ಚಿ ಬಿಗಿದು ದಣಿಯುತ್ತಾರೆ. ಸ್ವಲ್ಪ ವಿಚಾರಮಾಡಿ ನೋಡಿದರೆ ಅದು ನಿರಪರಾಧಿಯೆಂಬುದು ತಿಳಿದೀತು.

ತೊಟ್ಟಿಯ ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗಿರುವ ಡಬ್ಬಿಯೊಳಗಿನ ನೀರು, ಹೊರಗಿನ ಗಾಳಿಗಿಂತ ಹೆಚ್ಚಾಗಿ ಪ್ರತಿ ಚದರ ಸೆಂಟಿಮೀಟರಿಗೆ ನೂರು ಗ್ರಾಂ ಭಾರದಷ್ಟು ಒತ್ತುತ್ತಿರುತ್ತದೆ. ಅಲ್ಲಿ ಸೀಳಿದ್ದರೆ ಸಾಮಾನ್ಯವಾಗಿ ನೀರು ಹೊರಕ್ಕೆ ಸುರಿದೀತೇ ಹೊರತು ಗಾಳಿ ಒಳಕ್ಕೆ ಬಾರದು. ಹೊರಗಿನ ವಾಯುವಿಗಿಂತ ಒಳಗಿನ ಒತ್ತಡ ಕಡಿಮೆಯಿರುವ ಜಾಗವೆಂದರೆ, ಒಳಸೆಳೆಯುವ ಪೈಪು ನೀರಿನ ಮಟ್ಟವನ್ನು ಮೀರಿ ಅಂಚನ್ನು ದಾಟುವ ಆ ಬಾಗು. ಅಲ್ಲಿನ ಗಟ್ಟಿ ಕೊಳವೆಗೂ ಮೆದು ಹೋಸಿಗೂ ಕೂಡುವ ಸಂಧಿ ಸಡಿಲವಾಗಿದ್ದರೆ, ಒಂದು ಹನಿ ನೀರೂ ಹೊರಬಾರದೆ ಗಾಳಿ ಮಾತ್ರ ಸದ್ದಿಲ್ಲದೆ ಒಳಸೇರುತ್ತದೆ. ಒಂದು ಸಾಮಾನ್ಯ ಸೂತ್ರವನ್ನು ನೆನಪಿಡಬಹುದು: ನೀರಿನ ಮಟ್ಟಕ್ಕಿಂತ ಕೆಳಗಿನ ದೋಷ ಸೋರುತ್ತದೆ, ಮೇಲಿನ ದೋಷ ಗೊರಗುಟ್ಟುತ್ತದೆ.

ಇದಲ್ಲದೆ, ಬೇಸಿಗೆಯಲ್ಲಿ ನೀರು ಆವಿಯಾಗಿ ಮಟ್ಟವಿಳಿದಾಗ ಒಳಸೆಳೆಯುವ ಬಾಯಿ ಸುಳಿಯೆಬ್ಬಿಸಿ ಗಾಳಿಯನ್ನು ನುಂಗುವುದುಂಟು. ಏರ್ ಸ್ಟೋನನ್ನು ಆ ಬಾಯಿಯ ಪಕ್ಕದಲ್ಲಿಯೇ ಇಟ್ಟು, ಅದರ ಗುಳ್ಳೆಗಳನ್ನು ಶೋಧಕಕ್ಕೆ ಉಣಿಸುವುದೂ ಉಂಟು. ಎರಡಕ್ಕೂ ಚಿಕಿತ್ಸೆ ಸುಲಭ: ಒಂದಕ್ಕೆ ನೀರು ತುಂಬಬೇಕು, ಇನ್ನೊಂದಕ್ಕೆ ಕಲ್ಲನ್ನು ದೂರ ಸರಿಸಬೇಕು.

ಇಂಪೆಲ್ಲರಿನ ಆರೈಕೆ

ಕಟಕಟ ಸದ್ದಿಗೆ ಮುಚ್ಚಳದ ಅಡಿಯ ಪುಟ್ಟ ಕೋಣೆಯನ್ನು ತೆರೆದು ನೋಡಬೇಕು. ಹೆಬ್ಬೆರಳಿನಷ್ಟು ಗಾತ್ರದ ಕಪ್ಪು ಅಯಸ್ಕಾಂತ, ಅದರ ತಲೆಯ ಮೇಲೆ ಕೆಲವೇ ಅಲಗುಗಳು, ನಡುವೆ ಹಾದುಹೋಗುವ ಬಿಳಿಯ ಸೆರಾಮಿಕ್ ಕಡ್ಡಿ, ಆ ಕಡ್ಡಿಯ ತುದಿಗಳಿಗೆ ರಬ್ಬರ್ ಟೊಪ್ಪಿಗಳು: ಇಷ್ಟೇ ಇಂಪೆಲ್ಲರ್. ಅಯಸ್ಕಾಂತವನ್ನು ಹಿಡಿದು ಅಲಗನ್ನು ತಿರುಗಿಸಿದರೆ ಎಷ್ಟೋ ಯಂತ್ರಗಳಲ್ಲಿ ಅದು ಸುಮಾರು ಅರ್ಧಸುತ್ತು ಸಡಿಲವಾಗಿ ಆಡುತ್ತದೆ. ಮುರಿದಿದೆಯೆಂದು ಗಾಬರಿಪಡಬೇಕಾಗಿಲ್ಲ, ಮೋಟಾರು ಮೊದಲ ಹೆಜ್ಜೆಯನ್ನು ಭಾರವಿಲ್ಲದೆ ಇಡಲೆಂದು ತಯಾರಕರೇ ಬಿಟ್ಟ ಎಡೆ ಅದು.

ಕಂದುಬಣ್ಣದ ಲೋಳೆ, ಮರಳು, ಮರಿ ಬಸವನಹುಳುವಿನ ಚಿಪ್ಪು ಇವು ಈ ಕೋಣೆಯಲ್ಲಿ ಸೇರುವುದು ಸಾಮಾನ್ಯ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಯಸ್ಕಾಂತವನ್ನೂ ಅದು ಕೂರುವ ಗುಳಿಯನ್ನೂ ಉಜ್ಜಿ ತೊಳೆಯಬೇಕು. ಕೊಳವೆಬಾವಿಯ ಗಡಸುನೀರನ್ನು ಬಳಸುವ ಮನೆಗಳಲ್ಲಿ ಬಿಳಿಯ ಸುಣ್ಣದ ಪೊರೆ ಕಟ್ಟುತ್ತದೆ. ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿಟ್ಟರೆ ಅದು ಬಿಡುತ್ತದೆ. ಸೆರಾಮಿಕ್ ಕಡ್ಡಿ ಕೈಜಾರಿ ನೆಲಕ್ಕೆ ಬಿದ್ದರೆ ಎರಡು ತುಂಡು. ಆದ್ದರಿಂದ ಈ ಕೆಲಸವನ್ನು ಬಟ್ಟೆ ಹಾಸಿದ ಮೇಜಿನ ಮೇಲೆ ಮಾಡುವುದು ವಿವೇಕ. ರಬ್ಬರ್ ಟೊಪ್ಪಿ ಸವೆದಿದ್ದರೆ, ಅಲಗು ಮುರಿದಿದ್ದರೆ ಆ ಭಾಗವನ್ನಷ್ಟೇ ಬದಲಿಸಿದರಾಯಿತು. ಓ-ರಿಂಗಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿದರೆ ಅದು ಒಣಗಿ ಬಿರಿಯುವುದಿಲ್ಲ.

ಉಂಗುರಗಳನ್ನೂ ಸ್ಪಂಜನ್ನೂ ಮಾತ್ರ ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆಯಬಾರದು. ನಗರದ ನಲ್ಲಿನೀರಿನಲ್ಲಿರುವ ಕ್ಲೋರಿನ್ ನಮ್ಮ ಆರೋಗ್ಯಕ್ಕಾಗಿ ಕೊಲ್ಲುವ ಸೂಕ್ಷ್ಮಜೀವಿಗಳಲ್ಲಿ ಮೀನಿನ ಆರೋಗ್ಯ ಕಾಯುವವೂ ಸೇರಿಹೋಗುತ್ತವೆ. ತೊಟ್ಟಿಯಿಂದ ತೆಗೆದ ಬಕೆಟ್ ನೀರಿನಲ್ಲಿ ಅವನ್ನು ಮೆಲ್ಲಗೆ ಜಾಲಾಡಿದರೆ ಸಾಕು.

ಕರೆಂಟು ಹೋದಾಗ

ಪ್ರವಾಹ ನಿಂತರೆ ಡಬ್ಬಿಯೊಳಗಿನ ಆಮ್ಲಜನಕವನ್ನು ಬ್ಯಾಕ್ಟೀರಿಯಾಗಳು ಬೇಗನೆ ಖರ್ಚುಮಾಡಿಬಿಡುತ್ತವೆ. ಅರ್ಧ ಗಂಟೆಯ ಕಡಿತದಿಂದ ಹಾನಿಯಿಲ್ಲ. ಅರ್ಧ ದಿನ ಕಳೆದರೆ ಒಳಗಿನ ನೀರು ಕೊಳೆತು ನಾರತೊಡಗುತ್ತದೆ. ಆಗ ಕರೆಂಟು ಬಂದೊಡನೆ ಆ ನೀರನ್ನು ತೊಟ್ಟಿಗೆ ಹರಿಯಬಿಡದೆ, ಡಬ್ಬಿಯನ್ನು ಬಿಚ್ಚಿ ಚೆಲ್ಲಿ, ಜಾಲಾಡಿ, ಹೊಸದಾಗಿ ನೀರು ತುಂಬಿಸಿ ಚಾಲೂ ಮಾಡಬೇಕು. ಪಶ್ಚಿಮಘಟ್ಟದ ಹರಿಯುವ ತೊರೆಗಳಲ್ಲಿ ಹುಟ್ಟಿ, ಮಿಸ್ ಕೇರಳ ಎಂಬ ಹೆಸರಿನಿಂದ ಮಾರಾಟವಾಗುವ ಕೆಂಪುಗೆರೆಯ ಬಾರ್ಬ್ ಮೀನಿನಂಥ, ಆಮ್ಲಜನಕ ಸಮೃದ್ಧವಾದ ನೀರನ್ನೇ ಬಯಸುವ ಜಾತಿಗಳಿಗೆ ಇಂಥ ಅಜಾಗರೂಕತೆ ಮಾರಕವಾದೀತು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಇಷ್ಟು ಸಣ್ಣ ಯಂತ್ರ ಅದಕ್ಕೊಂದು ಹೊರೆಯೇ ಅಲ್ಲ. ಆದರೆ ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಪಂಪು ಹೆಚ್ಚು ಗುಂಯ್‌ಗುಟ್ಟುತ್ತದೆ, ತುಸು ಬಿಸಿಯೂ ಆಗುತ್ತದೆ. ಕರೆಂಟಿನಲ್ಲಿ ಮೌನವಾಗಿದ್ದು ಇನ್ವರ್ಟರಿನಲ್ಲಿ ಮಾತ್ರ ಸದ್ದು ಮಾಡಿದರೆ ದೋಷ ಶೋಧಕದ್ದಲ್ಲ.

ಕೊನೆಯದಾಗಿ ಎರಡು ಮಾತು. ತೊಟ್ಟಿಯೊಳಕ್ಕೆ ಕೈಯಿಡುವ ಮುನ್ನ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಿ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಆಮೇಲೆ ಮೇಲೇರುವಂತಿರಲಿ, ಅದರ ಮೇಲೆ ಜಾರಿದ ನೀರು ಆಗ ಸಾಕೆಟ್ಟಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಹಾಗೆಯೇ, ಸದ್ದು ಮಾಡುತ್ತಿದೆಯೆಂಬ ಒಂದೇ ಕಾರಣಕ್ಕೆ ಸಾವಿರಾರು ರೂಪಾಯಿ ತೆತ್ತು ಹೊಸ ಶೋಧಕವನ್ನು ಕೊಳ್ಳಹೊರಡುವ ಮುನ್ನ, ಭಾನುವಾರದ ಅರ್ಧ ಗಂಟೆಯನ್ನು ಹಳೆಯದಕ್ಕೆ ಕೊಟ್ಟು ನೀರಿನ ಮಟ್ಟ, ಅಂಚಿನ ಸಂಧಿ, ಇಂಪೆಲ್ಲರ್ ಈ ಮೂರನ್ನೂ ಇದೇ ಕ್ರಮದಲ್ಲಿ ನೋಡಿರಿ. ಬಹುಪಾಲು ದೋಷಗಳು ಈ ಮೂರರಲ್ಲಿಯೇ ಸಿಕ್ಕುತ್ತವೆ, ಅವುಗಳಲ್ಲಿ ಮೊದಲಿನೆರಡಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.